ಬಂದೂಕಿನ ಪೆಟ್ಟಿಗೆಯ ನಿಂಬೆಹಣ್ಣು

ನನ್ನ ಮಗ ಬೇಟೆಗಾರನಾದದ್ದು ಟೆಕ್ಸಸ್ಸಿಗೆ ಹೋದ ಮೇಲೆ. ಮೈಸೂರಿನಲ್ಲಿದ್ದಾಗ ಜಿರಲೆ ಹೊಡೆಯುವುದಕ್ಕೂ ನನ್ನನ್ನೇ ಕೂಗುತ್ತಿದ್ದ ಮಹಾಶೂರ. ದ ಡೊಮೇನ್ ಎಂಬ ಬಡಾವಣೆಯಲ್ಲಿರುವ ಅವನ ಆಫೀಸಿನ ಬಾಸ್ ಬೇಟೆಗೆ ಹೋಗುತ್ತಾನೆಂದು ಇವನೂ ಒಂದು ಬಂದೂಕು ಕೊಂಡ. ರೌಂಡ್ ರಾಕ್ ಎಂಬ ಊರಿನ ಅವನ ಮನೆಯಲ್ಲಿ ಅದಕ್ಕೆಂದೇ ಒಂದು ಕಬ್ಬಿಣದ ಬೀರು, ಒಳಗೊಂದು ದೀಪ. ನಾನು ಮಲಗುತ್ತಿದ್ದ ಕೋಣೆಯ ಬಲ್ಬು ಹೋಗಿ ಎಷ್ಟೋ ದಿನವಾಗಿತ್ತು. ಅದನ್ನು ಬದಲಾಯಿಸಲು ಮಾತ್ರ ಸಾಹೇಬರಿಗೆ ಪುರುಸೊತ್ತಿರಲಿಲ್ಲ.

ನಾನು ಹೋದದ್ದು ಸೊಸೆಗಾಗಿ. ಅವಳಿಗೆ ತಾಯಿಯಿಲ್ಲ. ಬಸುರಿ ಎಂದು ತಿಳಿದ ದಿನವೇ ಫೋನಿನಲ್ಲಿ ಅತ್ತು, "ಅತ್ತೆ, ನನ್ ಬಾಣಂತನಕ್ಕೆ ನೀವೇ ಬೇಕು" ಎಂದಿದ್ದಳು. ವಾಂತಿಯಲ್ಲಿ ಬಸವಳಿಯುತ್ತಿದ್ದಾಳೆಂದು ಮೊದಲೇ ಹೊರಟುಬಿಟ್ಟೆ. ಹಾಗಾಗಿ ಅಲ್ಲಿರಲು ನನಗೆ ವೀಸಾದಲ್ಲಿ ಕೊಟ್ಟಿದ್ದ ಆರು ತಿಂಗಳ ಅವಧಿ ಹೆರಿಗೆಗೆ ಮುಂಚೆಯೇ ಮುಗಿಯುವುದಿತ್ತು. ಅಷ್ಟರಲ್ಲಿ ಮಗ ಬೇಟೆಗೆಂದು ದಕ್ಷಿಣ ಆಫ್ರಿಕಾಕ್ಕೆ ಹೊರಟ. ನನ್ನ ಮಗಳಿರುವುದು ಜೋಹಾನ್ಸ್‌ಬರ್ಗಿನಲ್ಲಿ. "ನೀನೂ ಬಾಮ್ಮ, ಅವಳ ಮನೇಲಿರು. ವಾಪಸ್ ಬರೋವಾಗ ಹೊಸದಾಗಿ ಆರು ತಿಂಗಳು ಸಿಗತ್ತೆ" ಎಂದ. ಒಂದೇ ಕಲ್ಲಿಗೆ ಎರಡು ಹಕ್ಕಿ ಎಂದು ನಾನೂ ಹಿಗ್ಗಿದೆ.

ಹೊರಡುವ ಮುಂಚೆ ಆಯುಧಪೂಜೆ ಬಂತು. ಕಾರಿನ ಚಕ್ರದಡಿ ನಿಂಬೆಹಣ್ಣು ಇಡಿಸಿದೆ. ಮಗ ಬಂದೂಕನ್ನೂ ತಂದು ಮಣೆಯ ಮೇಲಿಟ್ಟು "ಇದಕ್ಕೂ ಮಾಡಮ್ಮ" ಎಂದ. ಆಯುಧವೇ ತಾನೇ! ಕುಂಕುಮವಿಟ್ಟೆ, ಹೂವೇರಿಸಿದೆ, ದೃಷ್ಟಿಯಾಗದಿರಲಿ ಎಂದು ಅದರ ಪೆಟ್ಟಿಗೆಯ ಮೂಲೆಯಲ್ಲಿ ಒಂದು ನಿಂಬೆಹಣ್ಣು ಇಟ್ಟೆ.

ಜೋಹಾನ್ಸ್‌ಬರ್ಗಿನ ಪೊಲೀಸರು ಬಂದೂಕಿನ ನಂಬರು ನೋಡಲು ಪೆಟ್ಟಿಗೆ ತೆರೆಸಿದಾಗ ಆ ಹಣ್ಣನ್ನು ಕಂಡು ನಕ್ಕು, ಅಲ್ಲೇ ಇರಲಿ ಎಂದು ಬಿಟ್ಟರು. ಬೇಟೆಯ ಮೊದಲ ದಿನವೇ ಮಗನ ಗುಂಡಿಗೆ ಸುರುಳಿಕೊಂಬಿನ, ಕಡವೆಯಂಥ ಪ್ರಾಣಿಯೊಂದು ಬಿತ್ತು. ಫೋಟೋ ತೋರಿಸಿದ. ಸತ್ತದ್ದರ ಕೊಂಬು ಹಿಡಿದು ಹಲ್ಲು ಕಿರಿಯುತ್ತಿದ್ದ; ಅದರ ಕಣ್ಣು ತೆರೆದೇ ಇತ್ತು. ವಾಪಸು ಹೊರಡುವಾಗ, "ಆ ನಿಂಬೆಹಣ್ಣು ತೆಗೆದು ಬಿಸಾಕೋ, ಒಣಗಿಹೋಗಿದೆ" ಎಂದೆ.

"ಬಿಡಮ್ಮ, ಅದರಿಂದ್ಲೇ ನಂಗೆ ಲಕ್ಕು" ಎಂದು ಪೆಟ್ಟಿಗೆಗೆ ಬೀಗ ಹಾಕಿದ.

ಹ್ಯೂಸ್ಟನ್‌ನಲ್ಲಿ ಇಳಿದೆವು. ಬಂದೂಕಿದೆ ಎಂದು ಹೇಳಿದ್ದರಿಂದ ಇಬ್ಬರನ್ನೂ ಸಾಮಾನು ಸಮೇತ ಒಳಗಿನ ತಪಾಸಣೆಗೆ ಕಳಿಸಿದರು. ಅಲ್ಲಿದ್ದ ಅಧಿಕಾರಿ ಬಂದೂಕು ಕಂಡೊಡನೆ ಬೆಣ್ಣೆಯಾದ. ಎಷ್ಟು ದೂರದಿಂದ ಹೊಡೆದೆ, ಕೊಂಬು ಎಷ್ಟುದ್ದ ಎಂದು ಮದುವೆಮನೆಯಲ್ಲಿ ಸಿಕ್ಕ ನೆಂಟರ ಹಾಗೆ ವಿಚಾರಿಸಿದ. ನಂಬರು ಸರಿಯಿತ್ತು, ಕಾಗದಪತ್ರ ಸರಿಯಿತ್ತು. ಕೊನೆಗೆ ಮೂಲೆಯಲ್ಲಿ ಬೆರಳಾಡಿಸಿ ನಿಂಬೆಹಣ್ಣು ಎತ್ತಿದ. ನಗು ನಿಂತಿತು.

"ಹಣ್ಣು ತಂದಿಲ್ಲ ಎಂದಿರಲ್ಲ? ಇದು ಯಾರದು?"

ಬಂದೂಕು ತರಬಹುದು, ನಿಂಬೆಹಣ್ಣು ತರಬಾರದು. ಅದು ಆ ದೇಶದ ಕಾನೂನು. ಮಗನ ಹತ್ತಿರ, ಸರದಿಯಲ್ಲಿ ನಿಲ್ಲದೆ ಹೊರಗೆ ಹೋಗಲು ಬಿಡುವ ಕಾರ್ಡೊಂದಿತ್ತು. ಹಣ್ಣು ಅವನದೆಂದಾದರೆ ಅದು ರದ್ದು. ನನ್ನತ್ತ ಬೆರಳು ತೋರಿಸಿ, "ಅಮ್ಮ ಇಟ್ಟದ್ದು, ನನಗೆ ಗೊತ್ತೇ ಇರಲಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಅವನ ಇಂಗ್ಲಿಷನ್ನು ತಿದ್ದಿದವಳೂ ನಾನೇ. ಆಮೇಲೆ ಕನ್ನಡದಲ್ಲಿ, ಮೆಲ್ಲಗೆ: "ಒಪ್ಕೊಂಬಿಡಮ್ಮ. ವಯಸ್ಸಾದೋರಿಗೆ ಏನೂ ಮಾಡಲ್ಲ, ಬೈದು ಬಿಟ್ಬಿಡ್ತಾರೆ. ನನ್ ಕಾರ್ಡ್ ಹೋಗತ್ತೆ."

ಒಪ್ಪಿಕೊಂಡೆ. ಹೆತ್ತವರಿಗೆ ಹೆಗ್ಗಣ ಮುದ್ದು.

ನನ್ನೊಬ್ಬಳನ್ನೇ ಬೇರೆ ಕೋಣೆಗೆ ಕರೆದೊಯ್ದರು. ಅಲ್ಲೊಬ್ಬಳು ಅಧಿಕಾರಿ, ನನ್ನ ಮಗಳ ವಯಸ್ಸಿನವಳು. ಈಗಷ್ಟೇ ಹೋದವರು ಮತ್ತೆ ಯಾಕೆ ಬಂದಿರಿ ಎಂದಳು. ಸೊಸೆಯ ಬಾಣಂತನಕ್ಕೆ ಎಂದು ಬಿಡಿಸಿ ಹೇಳಿದೆ. ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯುವುದು, ತಾಯಿಗೆ ಪಥ್ಯದ ಅಡುಗೆ ಮಾಡುವುದು, ತೊಟ್ಟಿಲು ತೂಗುವುದು. ಅವಳು ಎಲ್ಲ ಟೈಪ್ ಮಾಡಿಕೊಂಡಳು.

"ಅಂದರೆ ಮಗು ನೋಡಿಕೊಳ್ಳುವ ಕೆಲಸಕ್ಕೆ ಬಂದಿದ್ದೀರಿ. ಈ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ."

"ಕೆಲಸವಲ್ಲಮ್ಮ, ಅದು ನನ್ನ ಮೊಮ್ಮಗು!"

"ಹಣ್ಣು ಮುಚ್ಚಿಟ್ಟು ತಂದವರ ಮಾತನ್ನು ಹೇಗೆ ನಂಬಲಿ?"

ನನ್ನ ಮಗನನ್ನು ಕರೆಯಿರಿ ಎಂದೆ. ಅವರು ಹೋಗಬಹುದು ಎಂದು ಹೇಳಿಯಾಗಿದೆ ಎಂದಳು. ಬಾಗಿಲಿನ ಗಾಜಿನಾಚೆ ಅವನು ಬಂದೂಕಿನ ಪೆಟ್ಟಿಗೆ ತಳ್ಳಿಕೊಂಡು ಹೋಗುತ್ತಿದ್ದ. ಒಂದು ಸಲವೂ ತಿರುಗಿ ನೋಡಲಿಲ್ಲ. ನನ್ನ ವೀಸಾ ರದ್ದುಮಾಡಿ ಸಿಕ್ಕ ವಿಮಾನಕ್ಕೆ ಹತ್ತಿಸಿ ಊರಿಗೆ ಕಳಿಸಿದರು.

ಸೊಸೆ ಒಬ್ಬಳೇ ಹೆತ್ತಳು, ಒಬ್ಬಳೇ ಎದ್ದು ಅಡುಗೆ ಮಾಡಿಕೊಂಡಳು. ಮೊಮ್ಮಗಳನ್ನು ವಿಡಿಯೋದಲ್ಲಿ ತೋರಿಸುತ್ತಾ ಒಂದು ದಿನ, "ಅತ್ತೆ, ಬೇಡ ಅಂದ್ರೂ ಹಠ ಮಾಡಿ ತಂದ್ರಂತೆ. ನಂಗೋಸ್ಕರ ಒಂದು ನಿಂಬೆಹಣ್ಣು ಬಿಡಕ್ಕಾಗ್ಲಿಲ್ವಾ ನಿಮಗೆ?" ಎಂದಳು. ಅವನು ಹಾಗೆ ಹೇಳಿಟ್ಟಿದ್ದ. ಅವರ ಸಂಸಾರ ಕೆಡುವುದು ಬೇಡವೆಂದು ನುಂಗಿಕೊಂಡೆ.

ಮುಂದಿನ ಆಯುಧಪೂಜೆಗೆ ಮಗನೇ ಫೋನು ಮಾಡಿದ. ಮಣೆಯ ಮೇಲೆ ಬಂದೂಕು ಮಲಗಿತ್ತು. ಹಿಂದೆ ಸೊಸೆಯ ಕಂಕುಳಲ್ಲಿ ಮಗು, ನನ್ನನ್ನು ಕಂಡು ಕೈಬಡಿಯಿತು. ಇವನು ಹಣ್ಣು ಹಿಡಿದು, "ಅಮ್ಮ, ನಿಂಬೆಹಣ್ಣು ಯಾವ ಕಡೆ ಇಡ್ಲಿ?" ಎಂದ. ನನ್ನ ಮೈಯೆಲ್ಲ ಉರಿದುಹೋಯಿತು.

"ಥೂ ನಿನ್ನ! ಹೋದ ಸಲ ಲಕ್ಕು ಅಂತ ಇಟ್ಕೊಂಡೋನು ಯಾರು ಅಂತ ಮೊದ್ಲು ನಿನ್ ಹೆಂಡ್ತಿಗೆ ಹೇಳೋ. ಬಿಸಾಕು ಅಂದೋಳು ಯಾರು, ಅದನ್ನೂ ಹೇಳು."

ಸೊಸೆ ಅವನ ಮುಖ ನೋಡಿದಳು. "ನಿಜಾನಾ?" ಎಂದಳು.

ಅವನ ಕೈ ಫೋನಿನ ಕಡೆ ಬಂತು. ಪರದೆ ಕಪ್ಪಾಯಿತು.

ಅವತ್ತಿನಿಂದ ಅವನು ನನಗೆ ಫೋನು ಮಾಡಿಲ್ಲ. ಸೊಸೆಯೂ ಮಾಡಿಲ್ಲ. ಮೊಮ್ಮಗಳು ಈಗ ನಡೆಯುತ್ತಿರಬೇಕು.