ಅತ್ತೆಯ ದನಿಯೂ ಮೊನೊ ಬಟನ್ನೂ

ವಿಜಯಪುರದ ನಮ್ಮ ಮನೆಯ ಮಹಡಿಯ ಮೇಲೆ ಒಂದು ಕೋಣೆಯಿದೆ. ನಾನದನ್ನು ಸ್ಟುಡಿಯೋ ಎನ್ನುತ್ತೇನೆ. ಗೋಡೆಗಳಿಗೆಲ್ಲ ಹಳೆಯ ಹಾಸಿಗೆ ಒರಗಿಸಿದ್ದರಿಂದ ಹೆಂಡತಿ ಅದನ್ನು ‘ಗಾದಿ ಖೋಲಿ’ ಎನ್ನುತ್ತಾಳೆ. ನಾನು ಕಚೇರಿ ನೌಕರ. ರಜೆಯ ದಿನ ಈ ಕೋಣೆಯಲ್ಲಿ ನೆಂಟರಿಷ್ಟರ ಹಾಡು ರೆಕಾರ್ಡ್ ಮಾಡುತ್ತೇನೆ. ಕಲಿಸಿದವರು ಯಾರೂ ಇಲ್ಲ. ಮೈಕಿನ ಕೇಬಲನ್ನೂ ಕೊಳ್ಳದೆ ನಾನೇ ಬೆಸುಗೆ ಹಾಕಿಕೊಂಡವನು. ಅದರ ಬಗ್ಗೆ ಸಾಕಷ್ಟು ಜಂಬವೂ ಇತ್ತು.

ಆ ಕೋಣೆಯಲ್ಲಿ ಹಾಡಿದವರಲ್ಲಿ ನನಗೆ ಎಲ್ಲರಿಗಿಂತ ಹೆಚ್ಚು ನನ್ನ ಸೋದರತ್ತೆ, ಅಪ್ಪನ ತಂಗಿ. ತಿಕೋಟಾದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಗಿರಣಿಯ ಗದ್ದಲದಲ್ಲಿ ಮಾತಾಡಿ ಮಾತಾಡಿ ಅವಳ ದನಿ ಓಣಿಯ ಆ ತುದಿ ಮುಟ್ಟುವಂಥದ್ದು. ಸೋಮವಾರದ ಹೆಂಗಸರ ಭಜನೆಯಲ್ಲಿ ಪದ ಎತ್ತುವವಳು ಅವಳೇ. ಉಳಿದವರು ಹಿಂದಿನಿಂದ ಹೇಳುತ್ತಾರೆ.

ದೀಪಾವಳಿಗೆ ಬಂದಾಗ ಅವಳನ್ನು ಕೂರಿಸಿ ನಾಲ್ಕು ಪದ ಹಾಡಿಸಿದೆ. ಎದುರಿಗೆ ಎರಡು ಮೈಕು, ಬಲಕ್ಕೆ ಹಾರ್ಮೋನಿಯಂ ಪೇಟಿ. ಎರಡು ಸ್ಪೀಕರಿನಲ್ಲಿ ಕೇಳಿದಾಗ ದನಿ ಕೋಣೆಯ ತುಂಬ ಹರಡಿಕೊಂಡಿತ್ತು. ಭಲೇ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡು, ಹಾಡುಗಳನ್ನು ಅವಳ ಫೋನಿಗೆ ಕಳಿಸಿದೆ.

ಎರಡು ದಿನ ಬಿಟ್ಟು ಅವಳ ಫೋನ್ ಬಂತು. ಭಜನೆಯ ಹೆಂಗಸರೆಲ್ಲ ಗಿರಣಿಯಲ್ಲಿ ಕೂತು ಅವಳ ಫೋನಿನಲ್ಲೇ ಕೇಳಿದ್ದರಂತೆ.

“ತಮ್ಮಾ, ನನ್ನ ದನಿ ಇಷ್ಟು ಸಣ್ಣ ಆಗೇತೇನು? ಬರೇ ಪೇಟಿ ಸಪ್ಪಳ ಬರತೈತಿ. ನಾ ಎಲ್ಲೋ ಬಾವ್ಯಾಗ ಕುಂತು ಹಾಡಿದಂಗ ಐತಿ.”

ನಾನೂ ನನ್ನ ಫೋನಿನಲ್ಲಿ ಹಚ್ಚಿ ನೋಡಿದೆ. ಹೌದು, ದನಿ ತೆಳ್ಳಗಾಗಿತ್ತು. ನನ್ನ ಕೋಣೆಯ ಒಳ್ಳೆಯ ಸ್ಪೀಕರುಗಳು ಅವಳ ಸೋತ ಗಂಟಲನ್ನು ಚಂದ ಮಾಡಿ ತೋರಿಸಿವೆ, ಫೋನು ಇದ್ದದ್ದನ್ನು ಇದ್ದಂತೆ ಹೇಳುತ್ತಿದೆ ಎಂದುಕೊಂಡೆ. ನನ್ನ ಬೆಸುಗೆಯ ಮೇಲೆ ಬರಬೇಕಾದ ಅನುಮಾನ ಅತ್ತೆಯ ಗಂಟಲಿನ ಮೇಲೆ ಬಂತು.

“ಹೌದು ಬೇ ಅತ್ತಿ. ವಯಸ್ಸಾತಲ್ಲ, ಒಂದೀಟು ಹಂಗ ಆಗತೈತಿ” ಎಂದುಬಿಟ್ಟೆ.

“ಹೌದ ಬಿಡು” ಎಂದಳು.

ಆ ಸೋಮವಾರದಿಂದ ಅವಳು ಪದ ಎತ್ತಲಿಲ್ಲ. ಭಜನೆಗೆ ಹೋಗುತ್ತಿದ್ದಳಂತೆ, ಹಿಂದಿನ ಸಾಲಿನಲ್ಲಿ ಕೂತು ತಾಳ ಹಾಕಿ ಬರುತ್ತಿದ್ದಳಂತೆ. ಯುಗಾದಿ ಕಳೆಯಿತು. ಬಬಲೇಶ್ವರದಲ್ಲಿ ಅವಳ ಮಗಳು ಹೊಸ ಮನೆ ಕಟ್ಟಿಸಿದ್ದಳು. ಪ್ರವೇಶದ ದಿನ ಅವ್ವನೇ ಹಾಡಬೇಕೆಂದು ಅವಳ ಆಸೆ. ಅತ್ತೆ ಒಪ್ಪಲಿಲ್ಲ, ಬೇರೆ ಯಾರನ್ನಾದರೂ ಕರೆಸು ಎಂದಳು. ಮಗಳು ನನಗೆ ಫೋನ್ ಮಾಡಿ, “ನೀನರ ಅವ್ವಗ ಹೇಳೋ” ಎಂದಾಗಲೂ ನಾನು, ಗಂಟಲು ಬರದಿದ್ದರೆ ಪಾಪ ಅವಳೇನು ಮಾಡಿಯಾಳು ಎಂದು ಹಿರಿಯನಂತೆ ಸಮಾಧಾನ ಹೇಳಿದ್ದೆ.

ಆ ದಿನಗಳಲ್ಲಿ ನಾನು ಮಾನಿಟರ್ ಕಂಟ್ರೋಲರ್ ಕಟ್ಟುವ ಹುಚ್ಚಿಗೆ ಬಿದ್ದಿದ್ದೆ. ಹೆಸರು ದೊಡ್ಡದು, ಕೆಲಸ ಸಣ್ಣದು. ಕಂಪ್ಯೂಟರಿನಿಂದ ಸ್ಪೀಕರುಗಳಿಗೆ ಹೋಗುವ ಸದ್ದನ್ನು ನಡುವೆ ತಡೆದು, ಏರಿಸಿ ಇಳಿಸುವ ಪೆಟ್ಟಿಗೆ ಅದು. ನನ್ನ ಹಳೆಯ ವಾಲ್ಯೂಮ್ ಗುಂಡಿ ಇಳಿಸಿದಾಗ ಸದ್ದು ಎಡ ಸ್ಪೀಕರಿನ ಕಡೆ ವಾಲುತ್ತಿತ್ತು. ಅದರ ಬದಲು ಮೆಟ್ಟಿಲು ಮೆಟ್ಟಿಲಾಗಿ ತಿರುಗುವ ಸ್ವಿಚ್ಚು ಹಾಕಿ, ಒಂದೊಂದು ಮೆಟ್ಟಿಲಿಗೂ ಅಳೆದು ರೆಸಿಸ್ಟರ್ ಕೂರಿಸುವುದು ನನ್ನ ಯೋಜನೆ. ಗಾಂಧಿ ಚೌಕದ ಪಾತ್ರೆ ಅಂಗಡಿಯಿಂದ ದಪ್ಪನೆಯ ಸ್ಟೀಲ್ ಡಬ್ಬಿ ತಂದು ಅದಕ್ಕೆ ತೂತು ಕೊರೆದೆ. “ಚುರಮರಿ ಹಾಕಾಕ ಬರತಿತ್ತು” ಎಂದು ಹೆಂಡತಿ ಮರುಗಿದಳು.

ಸ್ವಿಚ್ಚು ಹುಡುಕುತ್ತ ಸೊಲ್ಲಾಪುರ ರಸ್ತೆಯ ಒಬ್ಬ ಹಿರಿಯ ಮೆಕ್ಯಾನಿಕರ ಬಳಿ ಹೋದೆ. ರೇಡಿಯೋ ಕಾಲದಿಂದಲೂ ಆಂಪ್ಲಿಫೈಯರ್ ರಿಪೇರಿ ಮಾಡಿಕೊಂಡು ಬಂದವರು. ನನ್ನ ನಕಾಶೆಯನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು.

“ಎಲ್ಲಾ ಬರೋಬ್ಬರಿ ಐತ್ರಿ ಸರ. ಮೊನೊ ಬಟನ್ ಎಲ್ಲೈತಿ?”

ಎಡಬಲ ಎರಡನ್ನೂ ಕೂಡಿಸಿ ಒಂದೇ ಮಾಡುವುದು ಮೊನೊ. ಅದು ಹಳೆಯ ರೇಡಿಯೋ ಕಾಲದ ಮಾತೆಂದು ನನಗೆ ನಗು. “ಈಗ ಮೊನೊ ಯಾರು ಕೇಳತಾರ್ರಿ?” ಎಂದೆ.

“ನಿಮ್ಮ ಹಾಡು ಕೇಳಾವ್ರೆಲ್ಲ ಮೊನೋನ ಕೇಳತಾರ್ರಿ. ಫೋನ್ ಕಿಸೇದಾಗ ಇಟಗೊಂಡು ಹೊಲಕ್ಕ ಹೊಕ್ಕಾರ. ಅದಕ್ಕ ಎಷ್ಟು ಸ್ಪೀಕರ್ ಇರತಾವು? ಒಂದ.” ಒಂದು ಬಟನ್ ತೆಗೆದು ನನ್ನ ಅಂಗೈಯಲ್ಲಿಟ್ಟರು. “ಎರಡೂ ತಂತಿ ಸೀದಾ ಕೂಡಸಬ್ಯಾಡ್ರಿ. ನಡುವ ಒಂದೊಂದು ರೆಸಿಸ್ಟರ್ ಹಾಕ್ರಿ.”

ಹಿರಿಯರ ಮಾತು ತಳ್ಳಿಹಾಕುವುದೇಕೆಂದು ಬಟನ್ ಕೂರಿಸಿದೆ, ಅಷ್ಟೇ.

ಭಾನುವಾರ ಬೆಳಿಗ್ಗೆ ಡಬ್ಬಿ ತಯಾರಾಯಿತು. ಮೊದಲು ಅತ್ತೆಯ ಪದವನ್ನೇ ಹಚ್ಚಿದೆ. ಸದ್ದು ಎಡಕ್ಕೂ ವಾಲಲಿಲ್ಲ, ಬಲಕ್ಕೂ ವಾಲಲಿಲ್ಲ. ಖುಷಿಯಲ್ಲಿ ಮೊನೊ ಬಟನ್ ಒತ್ತಿದೆ. ಅತ್ತೆ ಮಾಯವಾದಳು. ಹಾರ್ಮೋನಿಯಂ ಉಳಿಯಿತು, ದೂರದಲ್ಲಿ ಅವಳ ದನಿಯ ಎಳೆಯೊಂದು ಉಳಿಯಿತು. ಫೋನಿನಲ್ಲಿ ಕೇಳಿದ್ದು ಇದನ್ನೇ.

ಡಬ್ಬಿಯಲ್ಲೇ ತಪ್ಪಿರಬೇಕೆಂದು ಬಿಚ್ಚಿ, ಮೀಟರ್ ಹಚ್ಚಿ ಒಂದೊಂದೇ ತಂತಿ ನೋಡಿದೆ. ಎಲ್ಲ ಸರಿಯಿತ್ತು. ಬೇರೆಯವರು ಮಾಡಿದ ಹಾಡುಗಳನ್ನು ಹಚ್ಚಿದೆ. ಮೊನೊದಲ್ಲೂ ದನಿ ಗಟ್ಟಿಯಾಗಿಯೇ ಇತ್ತು. ಆಮೇಲೆ ಮೈಕಿನ ಕೇಬಲ್ ಬಿಚ್ಚಿದೆ. ಎರಡರಲ್ಲಿ ಒಂದಕ್ಕೆ ಕೆಂಪು ತಂತಿಯ ಜಾಗದಲ್ಲಿ ಬಿಳಿ, ಬಿಳಿಯ ಜಾಗದಲ್ಲಿ ಕೆಂಪು. ನನ್ನದೇ ಬೆಸುಗೆ. ಒಂದು ಮೈಕು ದನಿಯನ್ನು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತಿತ್ತು. ಎರಡು ಸ್ಪೀಕರಿನಲ್ಲಿ ಅದು ಹರಡಿದಂತೆ ಕೇಳಿ ನನ್ನನ್ನು ಮರುಳು ಮಾಡಿತ್ತು. ಒಂದೇ ಸ್ಪೀಕರಿನಲ್ಲಿ ಎರಡೂ ಕೂಡಿ ಒಂದನ್ನೊಂದು ಅಳಿಸಿಹಾಕಿದ್ದವು.

ಕಂಪ್ಯೂಟರಿನಲ್ಲಿ ಒಂದು ಕಡೆಯ ಸದ್ದನ್ನು ತಿರುವುಮುರುವು ಮಾಡಿ ಮತ್ತೆ ಮೊನೊ ಒತ್ತಿದೆ. ಅತ್ತೆ ಪೂರ್ತಿ ದನಿಯಲ್ಲಿ ಎದುರಿಗೆ ಕೂತು ಹಾಡಿದಳು. ನನ್ನ ಕಣ್ಣು ತುಂಬಿ ಬಂತು. ಹಾಡು ಹಾಳಾಗದೆ ಉಳಿದಿದ್ದಕ್ಕೆ, ಆ ಬಟನ್ನು ಅಂಗೈಗಿಟ್ಟ ಹಿರಿಯರಿಗೆ, ಮನಸ್ಸಿನಲ್ಲೇ ಕೈ ಮುಗಿದೆ. ನಾಚಿಕೆ ಮಾತ್ರ ಹೋಗಲಿಲ್ಲ.

ಇದನ್ನು ಫೋನಿನಲ್ಲಿ ಹೇಳುವುದು ಸರಿಯಲ್ಲವೆಂದು ಮಧ್ಯಾಹ್ನದ ಬಸ್ಸಿಗೆ ತಿಕೋಟಾಕ್ಕೆ ಹೋದೆ. ಅತ್ತೆ ಗಿರಣಿ ಬಂದ್ ಮಾಡಿ, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೂತಳು. ಅವಳ ಫೋನಿನಲ್ಲೇ ಹಚ್ಚಿದೆ. ಪದ ಮುಗಿಯುವವರೆಗೂ ಅವಳು ಅಲ್ಲಾಡಲಿಲ್ಲ. ತಂತಿ ತಿರುವುಮುರುವಾದ ಕತೆಯನ್ನೆಲ್ಲ ಹೇಳಿದೆ.

“ತಂತಿ ತಪ್ಪಿತ್ತು, ಆತು” ಎಂದಳು. “ಸಣ್ಣಾಂವ ಇದ್ದಾಗಿಂದ ನನ್ನ ದನಿ ಕೇಳೀದಿ. ನೀ ಯಾಕ ಹೌದಂದಿ?”

“ನನ್ನ ಕೆಲಸದಾಗ ತಪ್ಪಿರತೈತಿ ಅಂತ ನನಗ ಅನಸಲೇ ಇಲ್ಲ ಬೇ. ನನ್ನದ ತಪ್ಪು.”

ಬಯ್ಯುತ್ತಾಳೆಂದು ಕಾದೆ. ಅವಳು ಎದ್ದು ಹೋಗಿ ಗಿರಣಿ ಚಾಲೂ ಮಾಡಿ, ಆ ಸಪ್ಪಳವನ್ನು ಮೀರಿಸಿ, “ಬಬಲೇಶ್ವರಕ್ಕ ಬಾ. ಮೈಕ್ ಗೀಕ್ ತರಬ್ಯಾಡ” ಎಂದಳು. ಹೊರಗೆ ಜೋಳದ ಡಬ್ಬಿ ಹಿಡಿದು ನಿಂತಿದ್ದ ಹೆಂಗಸೊಬ್ಬಳು ತಿರುಗಿ ನೋಡಿದಳು.

ಪ್ರವೇಶದ ದಿನ ಬಬಲೇಶ್ವರದ ಹೊಸ ಮನೆಯ ಪಡಸಾಲೆ ಜನರಿಂದ ಕಿಕ್ಕಿರಿದಿತ್ತು. ನನಗೆ ಹೊಸ್ತಿಲ ಹೊರಗೆ, ಚಪ್ಪಲಿಗಳ ನಡುವೆ ಜಾಗ ಸಿಕ್ಕಿತು. ಅತ್ತೆ ಮುಂದೆ ಕೂತು ಒಂದು ಪದ ಹಾಡಿ ಮುಗಿಸಿದಳು. ಆಮೇಲೆ ಕೊರಳು ಎತ್ತರಿಸಿ ಅಷ್ಟೂ ಜನರ ತಲೆಯ ಮೇಲಿಂದ ನನ್ನನ್ನು ಹುಡುಕಿ ಕೇಳಿದಳು: “ತಮ್ಮಾ, ಅಲ್ಲಿಮಟ ಕೇಳಸತೈತೇನು?”

“ಕೇಳಸತೈತಿ ಬೇ” ಎಂದೆ.

ಅವಳು ತಲೆಯಾಡಿಸಿ ಮುಂದಿನ ಪದ ಎತ್ತಿದಳು.