ಶನಿವಾರದ ಗುಳಿಗೆ

ಕಾಯುವುದು ನನ್ನ ಜಾತಕದಲ್ಲೇ ಬರೆದಿಲ್ಲ. ಹಾಲು ಉಕ್ಕುವವರೆಗೆ ಒಲೆಯ ಮುಂದೆ ನಿಲ್ಲಲಾರೆ. ಬಸ್ಸು ಸ್ವಲ್ಪ ತಡವಾದರೆ ನಿಲ್ದಾಣದ ಈ ತುದಿಯಿಂದ ಆ ತುದಿಗೆ ನಡೆಯುತ್ತೇನೆ. ತರಗತಿಯಲ್ಲಿ ಹುಡುಗರು ಉತ್ತರಕ್ಕೆ ತಡವರಿಸಿದರೆ ನಾನೇ ಹೇಳಿಬಿಡುತ್ತೇನೆ. ಅಂಥವಳಿಗೆ ಕಳೆದ ವರ್ಷ ಒಂದು ರಿಪೋರ್ಟಿಗಾಗಿ ವಾರಗಟ್ಟಲೆ ಕಾಯುವ ಶಿಕ್ಷೆ ಬಂತು. ರಿಪೋರ್ಟು ನನ್ನದಲ್ಲ, ಅಕ್ಕನದು.

ನಾನು ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಅಕ್ಕ ಇರುವುದು ಸಾಗರದಲ್ಲಿ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವಳೂ ಭಾವನೂ ಸೇರಿ ಊಟದ ಡಬ್ಬಿಯ ವ್ಯವಹಾರ ನಡೆಸುತ್ತಾರೆ. ಬ್ಯಾಂಕಿನವರಿಗೆ, ಮೇಷ್ಟ್ರುಗಳಿಗೆ, ತುಮರಿ ಕಡೆಯಿಂದ ಬಂದು ರೂಮು ಮಾಡಿಕೊಂಡಿರುವ ಹುಡುಗಿಯರಿಗೆ ಮಧ್ಯಾಹ್ನವಾಗುತ್ತಲೇ ಅಕ್ಕನ ತಂಬುಳಿ, ಸಾರು, ಪಲ್ಯ ತಲುಪಬೇಕು. ಅಡುಗೆ ಅಕ್ಕನದು, ಸ್ಕೂಟರಿನಲ್ಲಿ ಡಬ್ಬಿ ಹಂಚುವುದು ಭಾವನದು.

ಕೆಲವು ವರ್ಷಗಳ ಹಿಂದೆ ಅಕ್ಕನಿಗೆ ಸುಸ್ತು ಶುರುವಾಯಿತು. ಎಡಪಕ್ಕೆಯಲ್ಲಿ ಏನೋ ಭಾರ ಎನ್ನುತ್ತಿದ್ದಳು. ರಕ್ತ ಪರೀಕ್ಷೆ ಮಾಡಿಸಿದಾಗ ಬಿಳಿ ರಕ್ತಕಣಗಳು ಮಿತಿಮೀರಿ ಏರಿದ್ದವು. ಶಿವಮೊಗ್ಗದ ಡಾಕ್ಟರು ಇನ್ನಷ್ಟು ಪರೀಕ್ಷೆ ಮಾಡಿಸಿ, ಇದು ರಕ್ತದ ಕ್ಯಾನ್ಸರು, ಆದರೆ ಗುಳಿಗೆಗೆ ಬಗ್ಗುವ ಜಾತಿಯದು ಎಂದರು. ದಿನಕ್ಕೊಂದು ಗುಳಿಗೆ, ಜೀವಮಾನವಿಡೀ. ಊಟದ ಜೊತೆಗೇ ತೆಗೆದುಕೊಳ್ಳಬೇಕು, ಖಾಲಿ ಹೊಟ್ಟೆಯಲ್ಲಿ ಮಾತ್ರ ಬೇಡ, ಮೇಲೆ ದೊಡ್ಡ ಲೋಟದ ತುಂಬ ನೀರು. ಭಾವ ಮೂರು ಸಲ ತಲೆಯಾಡಿಸಿದರು. ಅಕ್ಕ ನನ್ನ ಮುಖ ನೋಡಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕೇಳಿದ್ದು ಒಂದೇ. ಮೈಯೊಳಗೆ ಆಗಿರುವುದಾದರೂ ಏನು? ನಾನು ಪಾಠ ಶುರುಮಾಡಿದೆ. ಜೀವಕೋಶ ತನ್ನಷ್ಟಕ್ಕೆ ಒಡೆದು ಎರಡಾಗುವುದಿಲ್ಲ. ಹೊರಗಿನಿಂದ ಸಂದೇಶ ಬರಬೇಕು, ಬಾಗಿಲ ಬಳಿ ಒಬ್ಬ ಅದನ್ನು ಹಿಡಿದು ಒಳಗಿನವನಿಗೆ ದಾಟಿಸಬೇಕು, ಅವನು ಮತ್ತೊಬ್ಬನಿಗೆ, ಹೀಗೆ ಕೈಯಿಂದ ಕೈಗೆ ಹೋಗಿ ನಡುಮನೆಗೆ ಮುಟ್ಟಿದ ಮೇಲೆ ಕೋಶ ಒಡೆಯುತ್ತದೆ. ಕೆಲಸ ಮುಗಿದ ಕೂಡಲೇ ಸಾಕು ಎನ್ನುವ ಸಂದೇಶವೂ ಬರಬೇಕು. ನಿನ್ನೊಳಗೆ ಎರಡು ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಅಂಟಿಕೊಂಡಿವೆ, ಅದರಿಂದ ಹುಟ್ಟಿದ ಒಂದು ಪ್ರೋಟೀನಿಗೆ ನಿಲ್ಲುವುದೇ ಗೊತ್ತಿಲ್ಲ, ಯಾರೂ ಹೇಳದಿದ್ದರೂ ಒಡೆ, ಒಡೆ ಎಂದು ಸಂದೇಶ ದಾಟಿಸುತ್ತಲೇ ಇರುತ್ತದೆ ಎಂದೆ. ಅಕ್ಕ ಕಿಟಕಿಯಿಂದ ಮುಖ ತಿರುಗಿಸಿದಳು.

“ಎಲ್ಲರೂ ಎಲೆ ಮೇಲೆ ಕೈ ಅಡ್ಡ ಹಿಡಿದ್ರೂ ಬಡಿಸ್ತಾನೇ ಇದ್ದು ಹೇಳಾತು,” ಎಂದಳು.

ನನ್ನ ಇಷ್ಟು ವರ್ಷಗಳ ಪಾಠದಲ್ಲಿ ಇಷ್ಟು ಸರಿಯಾದ ಉದಾಹರಣೆ ನನಗೇ ಹೊಳೆದಿರಲಿಲ್ಲ. ಗುಳಿಗೆ ಏನು ಮಾಡುತ್ತದೆ ಎಂದು ಹೇಳಲು ಆಮೇಲೆ ಕಷ್ಟವೇ ಆಗಲಿಲ್ಲ. ಬಡಿಸುವವನ ಪಾತ್ರೆಗೆ ಅದು ಮುಚ್ಚಳ, ಸೌಟು ಒಳಗೆ ಹೋಗುವುದಿಲ್ಲ, ಪಂಕ್ತಿಯಲ್ಲಿ ಎಷ್ಟು ಓಡಾಡಿದರೂ ಸೌಟಿನಲ್ಲಿ ಏನೂ ಇರುವುದಿಲ್ಲ. ಆದರೆ ಮುಚ್ಚಳ ಒಂದು ದಿನಕ್ಕಷ್ಟೇ, ಮಾರನೆಯ ದಿನ ಹೊಸದು ಹಾಕಬೇಕು ಎಂದೆ. ಅಕ್ಕ ನಕ್ಕಳು. ಸೌಟು ಹಿಡಿದೇ ಬದುಕಿದವಳಿಗೆ ಅದು ಸುಲಭವಾಗಿ ಇಳಿಯಿತು.

ಗುಳಿಗೆ ಕೆಲಸ ಮಾಡಿತು. ಆ ಕೆಟ್ಟ ಸಂದೇಶ ರಕ್ತದಲ್ಲಿ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ ಮೂರು ತಿಂಗಳಿಗೊಮ್ಮೆ ಇರುತ್ತದೆ. ಪ್ರತಿ ಸಲವೂ ಇಳಿಯುತ್ತ ಬಂದು ಕೊನೆಗೆ ಇದ್ದೂ ಇಲ್ಲದಷ್ಟಾಯಿತು. ಅಕ್ಕನ ಮುಖಕ್ಕೆ ಬಣ್ಣ ಬಂತು, ಡಬ್ಬಿಗಳು ಹೆಚ್ಚಾದವು. ನಡುವೆ ನನಗೇ ಒಂದು ಹೆದರಿಕೆ ಬಂದು ಹೋಯಿತು. ಎದೆಯಲ್ಲಿ ಸಣ್ಣ ಗಂಟು, ಸೂಜಿ ಪರೀಕ್ಷೆ, ಒಂದಷ್ಟು ದಿನ ನಿದ್ದೆಯಿಲ್ಲ. ಕಾಲೇಜಿನಲ್ಲಿ ಯಾರಿಗೂ ಹೇಳಲಿಲ್ಲ, ಅಕ್ಕನಿಗೆ ಮಾತ್ರ ಹೇಳಿದ್ದೆ. ಏನೂ ಇಲ್ಲವೆಂದು ರಿಪೋರ್ಟು ಬಂತು, ನಾನು ಅದನ್ನು ಮರೆತೂಬಿಟ್ಟೆ.

ಕಳೆದ ವರ್ಷ ಅಕ್ಕನ ರಕ್ತದಲ್ಲಿ ಆ ಲೆಕ್ಕ ಏರಿತು. ಮುಂದಿನ ಪರೀಕ್ಷೆಯಲ್ಲಿ ಇನ್ನೂ ಏರಿತು.

ಗುಳಿಗೆ ಸರಿಯಾಗಿ ತಗೊಳ್ತಿದೀರಾ ಎಂದು ಡಾಕ್ಟರು ಕೇಳಿದರು. ಹೌದು ಎಂದಳು ಅಕ್ಕ. ನಾನೂ ಹೌದೆಂದೆ, ಅವಳಷ್ಟು ಶಿಸ್ತಿನವರು ಯಾರಿದ್ದಾರೆ! ಹಾಗಾದರೆ ಆ ಪ್ರೋಟೀನಿನ ಆಕಾರವೇ ಬದಲಾಗಿರಬಹುದು, ಗುಳಿಗೆ ಅದಕ್ಕೆ ಕೂರುತ್ತಿಲ್ಲವೋ ಏನೋ, ಮ್ಯುಟೇಶನ್ ಪರೀಕ್ಷೆಗೆ ಬೆಂಗಳೂರಿಗೆ ರಕ್ತ ಕಳಿಸೋಣ ಎಂದರು ಅವರು. ಪಾತ್ರೆಯ ಬಾಯಿಯೇ ಸೊಟ್ಟಗಾದರೆ ಮುಚ್ಚಳ ಎಲ್ಲಿಂದ ಕೂರಬೇಕು? ಬೇರೆ ಮುಚ್ಚಳಗಳಿವೆ, ನಿಜ. ಅವೂ ಕೂರದ ಬಾಯಿಗಳೂ ಇವೆ. ಅದು ಅಕ್ಕನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಓದಿದ್ದರ ಫಲ ನೋಡಿ, ಅವಳ ಪಾಲಿನ ಹೆದರಿಕೆಯನ್ನೂ ನಾನೇ ಪಡಬೇಕಾಯಿತು.

ಅವತ್ತು ಮರಳುವಾಗ ಆನಂದಪುರದಲ್ಲಿ ಇಳಿದು ಹೋಟೆಲಿಗೆ ಹೋದೆವು. ಅಕ್ಕ ನನಗೆ ಇಡ್ಲಿ ಹೇಳಿ, ತಾನು ಬಸ್ಸಿನಲ್ಲಿ ಹೊಟ್ಟೆ ತೊಳಸುತ್ತದೆಂದು ಹಾಲು ಕುಡಿದಳು. ನಾನು ಫೋನಿನಲ್ಲಿ ಮ್ಯುಟೇಶನ್ನುಗಳ ಬಗ್ಗೆ ಓದುತ್ತ ಇಡ್ಲಿ ನುಂಗಿದೆ.

ಆಮೇಲಿನ ವಾರಗಳು ಹೇಗೆ ಕಳೆದವೋ ದೇವರೇ ಬಲ್ಲ. ಆ ತಿಂಗಳ ಪಾಠವೂ ಜೀವಕೋಶದ ಸಂದೇಶಗಳದೇ ಆಗಬೇಕೇ! ಕರಿಹಲಗೆಯ ಮೇಲೆ ಬಾಣ ಎಳೆಯುವುದು, ಒಂದರಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ, ಕೊನೆಯ ಬಾಣ ತಿರುಗಿ ಮೊದಲಿನದಕ್ಕೆ. ಏರಿದ್ದೇ ಇನ್ನಷ್ಟು ಏರಿಸುವ ಸುತ್ತು ಇದು, ಇದರ ದಾರಿ ತಪ್ಪಿದರೆ ಕ್ಯಾನ್ಸರು ಎಂದು ಹೇಳುವಾಗ ಸೀಮೆಸುಣ್ಣ ಪಟಕ್ಕನೆ ಮುರಿಯಿತು. ನಿಟ್ಟೂರು ಕಡೆಯ ಹುಡುಗಿಯೊಬ್ಬಳು ಎದ್ದು, ಆ ಸುತ್ತನ್ನು ಎಲ್ಲಿ ಕಡಿಯೋದು ಮೇಡಂ ಎಂದು ಕೇಳಿದಳು. ಪುಸ್ತಕದಲ್ಲಿದೆ, ಓದಿಕೋ ಎಂದು ಗದರಿದೆ. ಪಾಪ, ಅವಳು ಕೇಳಿದ್ದರಲ್ಲಿ ತಪ್ಪೇನಿತ್ತು?

ಮನೆಯಲ್ಲಿ ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು. ಫೋನು ಸದ್ದು ಮಾಡಿದರೆ ಕೈಯಲ್ಲಿದ್ದದ್ದು ಬಿಟ್ಟು ಓಡುತ್ತಿದ್ದೆ, ಮಾಡದಿದ್ದರೆ ನೆಟ್‌ವರ್ಕ್ ಇಲ್ಲವೇನೋ ಎಂದು ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದೆ. ಕೊನೆಗೊಂದು ಶನಿವಾರ ತಡೆಯಲಾರದೆ ರಜೆ ಬರೆದು, ಯಾರಿಗೂ ಹೇಳದೆ ಸಾಗರದ ಬಸ್ಸು ಹತ್ತಿದೆ. ಹೊಸನಗರದಲ್ಲಿ ಡ್ರೈವರು ನಿಧಾನಕ್ಕೆ ಚಹಾ ಕುಡಿದ. ಅವನ ಪ್ರತಿ ಗುಟುಕನ್ನೂ ನಾನು ಶಪಿಸಿದೆ. ಅಲ್ಲಿಗೆ ಹೋಗಿ ಏನು ಮಾಡುತ್ತೇನೆಂದು ನನಗೇ ತಿಳಿದಿರಲಿಲ್ಲ.

ಹೋದಾಗ ಡಬ್ಬಿಗಳೆಲ್ಲ ಹೊರಟಾಗಿತ್ತು, ಭಾವನೂ ಹಂಚಿ ಬಂದಿದ್ದರು. ನನ್ನನ್ನು ಕಂಡು ಅಕ್ಕನಿಗೆ ಆಶ್ಚರ್ಯ. ಕೈಕಾಲು ತೊಳೆಯಲೂ ಬಿಡದೆ ಎಲೆ ಹಾಕಿದಳು, ನನಗೊಂದು, ಭಾವನಿಗೊಂದು. ಬಿಸಿ ಅನ್ನ, ಒಂದೆಲಗದ ತಂಬುಳಿ, ಮಾವಿನಮಿಡಿ. ನೀನೂ ಕೂರು, ಒಟ್ಟಿಗೇ ಉಣ್ಣೋಣ ಎಂದೆ. ಅವಳು ಕೇಳಿಸದವಳಂತೆ ಸಾರು ತರಲು ಒಳಗೆ ಹೋದಳು.

“ಇವತ್ತು ಶನಿವಾರ ಅಲ್ದಾ, ಅದು ಉಣ್ತಿಲ್ಲೆ,” ಎಂದರು ಭಾವ ಅಕ್ಕ ಹೋದತ್ತ ತೋರಿಸಿ, ತುತ್ತು ಕಲಸುತ್ತ.

ಶನಿವಾರ ಉಪವಾಸ ಮಾಡುವವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ, ನಾನು ತಲೆಯಾಡಿಸಿ ಒಂದು ತುತ್ತು ಉಂಡೆ. ಎರಡನೆಯ ತುತ್ತು ಬಾಯಿಗೆ ಹೋಗಲಿಲ್ಲ. ಊಟದ ಜೊತೆಗೇ. ಖಾಲಿ ಹೊಟ್ಟೆಯಲ್ಲಿ ಬೇಡ.

ಅಕ್ಕ ಸಾರಿನ ಪಾತ್ರೆ ಹಿಡಿದು ಬಂದಳು. ಹಾಗಾದರೆ ಇವತ್ತಿನ ಗುಳಿಗೆ ಎಲ್ಲಿ ಎಂದು ಕೇಳಿದೆ. ಅವಳಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು.

“ಖಾಲಿ ಹೊಟ್ಟೇಲಿ ತಗಳಡಿ ಹೇಳಿದ್ರಲೇ ಡಾಕ್ಟ್ರು. ಉಂಡ ದಿನ ಒಂದಿನಾನೂ ತಪ್ಪಿಸಿದ್ದಿಲ್ಲೆ.”

ಎಲೆ ಬಿಟ್ಟು ಎದ್ದೆ. ಎಂಜಲು ಕೈಯಲ್ಲೇ ನಿಂತು ಎಷ್ಟು ದಿನ ಉಣ್ಣುವುದಿಲ್ಲ, ಯಾವ ಯಾವ ದಿನ ಎಂದು ಪೊಲೀಸಿನವರಂತೆ ಕೇಳಿದೆ. ಏಕಾದಶಿ ಅಮ್ಮನ ಕಾಲದಿಂದ ಬಂದದ್ದು, ಅದನ್ನು ಬಿಡುವ ಮಾತೇ ಇಲ್ಲ. ಕಾಯಿಲೆಯ ಲೆಕ್ಕ ಮೊದಲ ಸಲ ಇಳಿದಾಗ ದೇವರ ಉಪಕಾರಕ್ಕೆಂದು ಸೋಮವಾರ ಹಿಡಿದಳು. ಕಳೆದ ವರ್ಷ ಲೆಕ್ಕ ಏರಿತಲ್ಲ, ಭಕ್ತಿ ಸಾಲದಾಯಿತೆಂದು ಗುರುವಾರವನ್ನೂ ಸೇರಿಸಿದಳು. ಇನ್ನೂ ಏರಿತು. ಇನ್ನೊಂದು ದಿನ ಸೇರಿಸಬೇಕೆಂದಿದ್ದಳಂತೆ! ಇಡೀ ದಿನ ಬರೀ ಹಾಲು, ಅದೂ ಅರ್ಧ ಲೋಟ. ಊರಿಗೆಲ್ಲ ಡಬ್ಬಿ ತುಂಬಿಸುವವಳು ತಾನು ಉಂಡಳೋ ಇಲ್ಲವೋ ಎಂದು ಕೇಳುವವರು ಯಾರು? ಭಾವ ಕಲಸಿದ ತುತ್ತನ್ನು ಎಲೆಗೇ ಬಿಟ್ಟರು, ಉಪವಾಸ ಅವರಿಗೆ ಗೊತ್ತಿತ್ತು, ಗುಳಿಗೆ ತಪ್ಪುವುದು ಗೊತ್ತಿರಲಿಲ್ಲ.

ಏರಿದ್ದೇ ಇನ್ನಷ್ಟು ಏರಿಸುವ ಸುತ್ತು. ಕರಿಹಲಗೆಯ ಮೇಲೆ ನಾನು ಎಳೆದ ಬಾಣ ಅಕ್ಕನ ಅಡುಗೆಮನೆಯಲ್ಲಿ ತಿರುಗುತ್ತಿತ್ತು. ಅವಳು ನಾನು ನಂಬುವುದಿಲ್ಲವೆಂದುಕೊಂಡು ಒಳಗಿನಿಂದ ಹಳೆಯ ಬಿಸ್ಕತ್ತಿನ ಡಬ್ಬ ತಂದು ಮುಚ್ಚಳ ತೆಗೆದಳು. ಉಳಿದ ಗುಳಿಗೆಗಳು, ಒಂದೂ ಹಾಳಾಗದಂತೆ ಜೋಡಿಸಿಟ್ಟವು. ಅವಳ ಮುಖದಲ್ಲಿ ಮಿತವ್ಯಯದ ಹೆಮ್ಮೆ. ನನಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದಂತೆ ಬೈದೆ. ದೇವರನ್ನು ಬೈದೆ, ಡಾಕ್ಟರನ್ನು ಬೈದೆ, ಉಪವಾಸ ಕಂಡುಹಿಡಿದವರ ವಂಶವನ್ನೇ ಜಾಲಾಡಿದೆ. ಅಕ್ಕ ಬಿಸ್ಕತ್ತಿನ ಡಬ್ಬದ ಮುಚ್ಚಳ ಹಾಕಿದಳು. ಏಕಾದಶಿ ದಿನ ಹಣ್ಣು ಅವಲಕ್ಕಿ ತಿಂದು ಗುಳಿಗೆ ತೆಗೆದುಕೊಳ್ಳುತ್ತೇನೆ, ಸೋಮವಾರ ಗುರುವಾರ ದೇವರಿಗೆ ಕಾಯಿ ಒಡೆದು ತಪ್ಪೊಪ್ಪಿಕೊಂಡು ಬಿಡುತ್ತೇನೆ ಎಂದಳು. ಶನಿವಾರ ಮಾತ್ರ ಆಗುವುದಿಲ್ಲ ಎಂದಳು.

ಯಾಕೆ, ಶನಿದೇವರಿಗೇನು ಎರಡು ಕೊಂಬೇ ಎಂದು ಕೂಗಿದೆ.

ಅಕ್ಕ ಸಾರಿನ ಪಾತ್ರೆಯನ್ನು ಕೆಳಗಿಟ್ಟು ಸೆರಗಿನಲ್ಲಿ ಕೈ ಒರೆಸಿಕೊಂಡಳು.

“ಶನಿವಾರದ್ದು ನಿಂದು, ತಂಗಿ. ನಿನ್ನ ಗಂಟಿನ ರಿಪೋರ್ಟು ಚೊಲೋ ಬರ್ಲಿ ಹೇಳಿ ನಾ ಹರಕೆ ಹೊತ್ತಿದ್ದಿ. ಬಂತಲೇ. ಈಗ ಬಿಟ್ರೆ ಹೆಂಗೆ?”

ನಾನು ಮರೆತೇಬಿಟ್ಟಿದ್ದ ಒಂದು ಕಾಗದದ ಚೂರಿಗಾಗಿ ಇವಳು ಪ್ರತಿ ಶನಿವಾರ ತನ್ನ ಗುಳಿಗೆಯನ್ನು ಡಬ್ಬಕ್ಕೆ ಹಾಕುತ್ತಿದ್ದಳು. ಅಳು ಬಂತು. ಅತ್ತುಬಿಟ್ಟೆ. ಅಳುವುದೂ ನನಗೆ ಸಿಟ್ಟಿನಷ್ಟೇ ಜೋರಾಗಿ ಬರುತ್ತದೆ, ಪಕ್ಕದ ಮನೆಯವರು ಕಿಟಕಿ ತೆರೆದರು.

ಹರಕೆ ಸುಳ್ಳು, ಮೂಢನಂಬಿಕೆ ಎಂದು ವಾದಿಸಿದ್ದರೆ ಅಕ್ಕ ಹೂಂ ಎಂದು, ನಾನು ಬಸ್ಸು ಹತ್ತಿದ ಮೇಲೆ ಮತ್ತೆ ಉಪವಾಸ ಕೂರುತ್ತಿದ್ದಳು. ಅವಳನ್ನು ನಾನು ಬಲ್ಲೆ. ಹೊತ್ತವರಿಗೆ ಆಗದಿದ್ದರೆ ಹರಕೆಯನ್ನು ಮನೆಯವರು ಯಾರಾದರೂ ತೀರಿಸಬಹುದು ಎಂಬುದು ನಮ್ಮಲ್ಲಿ ಇದ್ದೇ ಇದೆ. ಅಜ್ಜಿಗೆ ನಡೆಯಲಾಗದಾಗ ಅವಳ ಪ್ರದಕ್ಷಿಣೆಗಳನ್ನು ಅಮ್ಮ ಹಾಕಿದ್ದಳು.

“ಶನಿವಾರ ಇನ್ನು ಮೇಲೆ ನಾ ಉಪವಾಸ ಮಾಡ್ತಿ. ನೀ ಉಂಡು ಗುಳಿಗೆ ತಗ,” ಎಂದೆ.

ಹಸಿವೆಂದರೆ ನಾನು ಹೇಗಾಗುತ್ತೇನೆಂದು ಅಕ್ಕನಿಗೆ ಗೊತ್ತು. “ನಿಂಗೆ ಹಶು ತಡಕಂಬಲೆ ಆಗ್ತಿಲ್ಲೆ. ಸಿಟ್ಟು ಬತ್ತು.”

“ಸಿಟ್ಟು ಉಂಡ್ರೂ ಬತ್ತು.”

ಭಾವ ಮೊದಲ ಸಲ ನಕ್ಕರು. ಅಕ್ಕ ದೇವರ ಕೋಣೆಗೆ ಹೋಗಿ ಏನು ಹೇಳಿದಳೋ, ದೀಪ ಹಚ್ಚಿ ಹೊರಗೆ ಬಂದು, ನನ್ನ ಎಲೆಯ ಪಕ್ಕದಲ್ಲಿ ತಾನೂ ಒಂದು ಎಲೆ ಹಾಕಿಕೊಂಡಳು. ಕೈ ತೊಳೆದು ಬಂದು ಅವಳಿಗೆ ನಾನು ಬಡಿಸಿದೆ. ಸಾಕು ಸಾಕು ಎಂದು ಕೈ ಅಡ್ಡ ಹಿಡಿದರೂ ಇನ್ನೊಂದು ಸೌಟು ಹಾಕಿದೆ.

ಡಾಕ್ಟರಿಗೆ ಅಲ್ಲಿಂದಲೇ ಫೋನು ಮಾಡಿದೆ. ಅವರು ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. ಉಪವಾಸ ಮಾಡುತ್ತೀರಾ ಎಂದು ನಾನೇ ಕೇಳಬೇಕಿತ್ತು, ಇನ್ನು ಎಲ್ಲರನ್ನೂ ಕೇಳುತ್ತೇನೆ ಎಂದರು. ಗುಳಿಗೆ ತಪ್ಪಿದ್ದರಿಂದಲೇ ಏರಿರಬಹುದು, ಆದರೆ ಮ್ಯುಟೇಶನ್ ಇಲ್ಲವೆಂದು ಈಗಲೇ ಹೇಳಲಾಗದು, ರಿಪೋರ್ಟು ಬರಲಿ ಎಂದರು. ಮತ್ತೆ ಕಾಯುವುದು.

ಅದು ಬಂದದ್ದು ಕಾಲೇಜಿನಲ್ಲಿದ್ದಾಗ. ಮ್ಯುಟೇಶನ್ ಕಂಡುಬಂದಿಲ್ಲ. ಪಾತ್ರೆಯ ಬಾಯಿ ಸೊಟ್ಟಗಾಗಿಲ್ಲ, ಹಳೆಯ ಮುಚ್ಚಳವೇ ಸಾಕು. ಆ ವಾರ ನಿಟ್ಟೂರು ಕಡೆಯ ಹುಡುಗಿಯನ್ನು ಕರೆದು, ಸುತ್ತನ್ನು ಎಲ್ಲಿ ಬೇಕಾದರೂ ಕಡಿಯಬಹುದು, ಯಾವ ಬಾಣ ಕೈಗೆ ಸಿಗುತ್ತದೋ ಅಲ್ಲಿ ಎಂದು ಹೇಳಿದೆ. ಅವಳು ಬರೆದುಕೊಂಡಳು.

ಲೆಕ್ಕ ಒಂದು ಸಲ ಇಳಿದಿದೆ. ಮೊದಲಿನಷ್ಟು ಇಳಿದಿಲ್ಲ, ಮುಂದಿನ ಪರೀಕ್ಷೆಯವರೆಗೆ ಗೊತ್ತಾಗುವುದಿಲ್ಲ. ದೇವರನ್ನು ನಾನು ಈಗಲೂ ಅಷ್ಟಾಗಿ ನಂಬುವುದಿಲ್ಲ. ಆದರೆ ಶನಿವಾರ ನನ್ನ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಹೊಟ್ಟೆ ಚುರುಗುಟ್ಟುತ್ತದೆ, ತರಗತಿಯಲ್ಲಿ ಹುಡುಗರು ನನ್ನ ಮುಖ ನೋಡಿ ತಲೆ ತಗ್ಗಿಸುತ್ತಾರೆ. ಡಬ್ಬಿಗಳು ಹೊರಟ ಹೊತ್ತಿಗೆ ಫೋನು ಮಾಡುತ್ತೇನೆ. ಆಚೆ ಗುಳಿಗೆಯ ಹಾಳೆ ಚಟಕ್ಕೆನ್ನುತ್ತದೆ, ಗಟಗಟ ನೀರು ಕುಡಿಯುವುದು ಕೇಳುತ್ತದೆ.

“ಉಂಡಾತು, ಗುಳಿಗೆನೂ ಆತು. ನಿಂಗೆ ಹಶು ಆಗ್ತಿಲ್ಯ?” ಎನ್ನುತ್ತಾಳೆ.

“ಇಲ್ಲೆ,” ಎನ್ನುತ್ತೇನೆ.