ಕೊನೆಯ ಪುಟದ ಮೇಡಂ

ಮಂದಿ ಬರದಿದ್ದರೆ ಭಾಲ್ಕಿಯ ನಮ್ಮ ಓಣಿಯ ವಾಚನಾಲಯಕ್ಕೆ ಕೀಲಿ ಹಾಕುತ್ತೇವೆಂದು ಸಾಹೇಬರು ಹೆದರಿಸಿದ್ದರು. ಅಂದಿನಿಂದ ಅಲ್ಲಿನ ಮೇಡಂ ದಿನಾ ಮುಂಜಾನೆ ಓಣಿಯ ವಾಟ್ಸಾಪ್ ಗ್ರೂಪಿಗೆ ಪತ್ತೇದಾರಿ ಕಾದಂಬರಿಯ ಒಂದು ಪುಟದ ಫೋಟೋ ಹಾಕತೊಡಗಿದರು. ಕೆಳಗೆ ಅದೇ ಮಾತು: "ಮುಂದಿಂದು ಇಲ್ಲೇ ಬಂದು ಓದ್ರಿ."

ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮರಳುವ ನನಗೆ, ಕಾದಂಬರಿಯಲ್ಲಿನ ಮಾವನ ಚಹಾದಲ್ಲಿ ವಿಷ ಹಾಕಿದವರು ಯಾರೆಂಬ ಚಿಂತೆಯೂ ಅಂಟಿತು. ವಾಚನಾಲಯಕ್ಕೆ ಓಡಿದೆ. ಒಳಗೆ ಒಂದು ಕುರ್ಚಿಯೂ ಖಾಲಿಯಿಲ್ಲ. ಪುಸ್ತಕದ ಕೊನೆಯ ಪುಟವೂ ಇಲ್ಲ!

"ಡಾಕ್ಟರೇ ಹಾಕ್ಯಾನ್ರಿ!"

"ಏನ್ ಹುಚ್ಚರಿದ್ದೀರ್ರಿ, ಅಳಿಯಾನೇ!"

ಜಗಳ ಜೋರಾಯಿತು. ಮೇಡಂ ಕನ್ನಡಕ ಹಣೆಗೇರಿಸಿ, ತುಂಬಿದ ಕೋಣೆಯ ಫೋಟೋ ತೆಗೆದು ಸಾಹೇಬರಿಗೆ ಕಳಿಸಿದರು. "ಈಗ ಕೀಲಿ ಹಾಕ್ಲಿ, ನೋಡೂಣು."

ಹಾಕಲಿಲ್ಲ. ನಾನಂತೂ ಇವತ್ತಿಗೂ, ನಮ್ಮ ಅಳಿಯ ಚಹಾ ತಂದುಕೊಟ್ಟರೆ ಮೊದಲು ನೀನೇ ಕುಡಿ ಅನ್ನುತ್ತೇನೆ.